ಬಿಸಿಯಾದ ಮೇಲೆ ಐಡಲ್‌ನಲ್ಲಿ ನಡುಗುವ ಎಂಜಿನ್: ಪ್ಲಗ್, ಕಾಯಿಲ್ ಬದಲಿಸಿದರೂ ಸರಿಹೋಗಿಲ್ಲ

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನನ್ನದು 1.5 ಲೀಟರಿನ, ನಾಲ್ಕು ಸಿಲಿಂಡರಿನ ಪೆಟ್ರೋಲ್ ಕಾರು. ಗೇರ್ ಆಟೋಮ್ಯಾಟಿಕ್, ಟರ್ಬೊ ಇಲ್ಲ, ಇಂಜೆಕ್ಟರುಗಳು ಸಿಲಿಂಡರಿನ ಒಳಗಲ್ಲ, ಇಂಟೇಕ್ ಪೋರ್ಟುಗಳಲ್ಲಿವೆ. ಎಂಟು ವರ್ಷಗಳಲ್ಲಿ 94,000 ಕಿಲೋಮೀಟರ್ ಓಡಿದೆ.

ಸುಮಾರು ಎರಡು ತಿಂಗಳಿಂದ ಎಂಜಿನ್ ಐಡಲ್‌ನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ ತಾನಾಗಿ ಓಡುತ್ತಿರುವಾಗ, ನಡುಗುತ್ತಿದೆ. ಬೆಳಿಗ್ಗೆ ತಣ್ಣಗಿರುವಾಗ ಸ್ಟಾರ್ಟ್ ಮಾಡಿದರೆ ಯಾವ ತೊಂದರೆಯೂ ಇಲ್ಲ. ಹತ್ತು ಹದಿನೈದು ನಿಮಿಷ ಓಡಿಸಿ ಎಂಜಿನ್ ಪೂರ್ತಿ ಬಿಸಿಯಾದ ಮೇಲೆ, ಬ್ರೇಕ್ ಒತ್ತಿ ಗೇರನ್ನು ಡ್ರೈವ್‌ನಲ್ಲೇ ಇಟ್ಟು ನಿಂತಾಗ, 750ರಲ್ಲಿ ಇರಬೇಕಾದ ಆರ್‌ಪಿಎಂ ಮುಳ್ಳು 600ರ ಹತ್ತಿರಕ್ಕೆ ಕುಸಿದು ಮತ್ತೆ ಮೇಲೇಳುತ್ತದೆ, ಸ್ಟಿಯರಿಂಗ್ ಕೈಯಲ್ಲೇ ಅದುರುತ್ತದೆ, ಹಿಂದಿನ ಕನ್ನಡಿಯಲ್ಲಿ ಕಾಣುವ ಚಿತ್ರ ಕದಡಿದಂತಾಗುತ್ತದೆ. ನ್ಯೂಟ್ರಲ್‌ಗೆ ಹಾಕಿದರೆ ನಡುಕ ಕಡಿಮೆಯಾಗುತ್ತದೆ, ಆದರೆ ಹೋಗುವುದಿಲ್ಲ. ಆಕ್ಸಿಲರೇಟರ್ ಸ್ವಲ್ಪ ಒತ್ತಿದ ಕೂಡಲೇ ಎಲ್ಲವೂ ನಯವಾಗುತ್ತದೆ. ರಸ್ತೆಯಲ್ಲಿ ಓಡುವಾಗ ಪಿಕಪ್‌ನಲ್ಲಿ ಯಾವ ಕೊರತೆಯೂ ಕಾಣುತ್ತಿಲ್ಲ.

ಚೆಕ್ ಎಂಜಿನ್ ದೀಪ ಹೊತ್ತಿಕೊಂಡಾಗ ಒಂದು ಗ್ಯಾರೇಜಿಗೆ ಒಯ್ದೆ. ಅಲ್ಲಿ ಪಿ0301 ಎಂಬ ಕೋಡ್ ಬಂದಿದೆ, ಅಂದರೆ ಮೊದಲನೆಯ ಸಿಲಿಂಡರ್ ಮಿಸ್ ಹೊಡೆಯುತ್ತಿದೆ (ಅದರಲ್ಲಿ ಪೆಟ್ರೋಲು ಆಗಾಗ ಸರಿಯಾಗಿ ಉರಿಯುತ್ತಿಲ್ಲ) ಎಂದು ಹೇಳಿ ನಾಲ್ಕೂ ಪ್ಲಗ್‌ಗಳನ್ನೂ ಮೊದಲನೆಯ ಸಿಲಿಂಡರಿನ ಪ್ಲಗ್‌ಗೆ ಕಿಡಿಯ ವಿದ್ಯುತ್ ಕೊಡುವ ಕಾಯಿಲನ್ನೂ ಬದಲಿಸಿದರು. ಮೂರು ದಿನ ಚೆನ್ನಾಗಿತ್ತೆಂದು ಅನ್ನಿಸಿತು. ನಾಲ್ಕನೆಯ ದಿನ ದೀಪ ಮತ್ತೆ ಹೊತ್ತಿತು. ಈಗ ನಾನೇ ಒಂದು ಸಣ್ಣ ಸ್ಕ್ಯಾನರ್ ತಂದು ಓದಿದಾಗ ಪಿ0171 ಮತ್ತು ಪಿ0300 ಎರಡೂ ಇವೆ. ಮುಂದಿನ ಸಲ ಇಂಜೆಕ್ಟರುಗಳನ್ನು ಬದಲಿಸೋಣ ಎಂದು ಗ್ಯಾರೇಜಿನವರು ಹೇಳುತ್ತಿದ್ದಾರೆ. ಇನ್ನೊಂದು ಬಿಡಿಭಾಗಕ್ಕೆ ಹಣ ಹಾಕುವ ಮೊದಲು ದೋಷ ಎಲ್ಲಿದೆ ಎಂಬುದನ್ನು ಖಚಿತಪಡಿಸಿಕೊಳ್ಳುವ ಆಸೆ ನನ್ನದು. ಎಲ್ಲಿಂದ ಆರಂಭಿಸಬೇಕು ಎಂಬುದನ್ನು ದಯವಿಟ್ಟು ತಿಳಿಸಿ.

ಉತ್ತರ 1

ಎಂಜಿನ್‌ಗೆ ಹೋಗುವ ಗಾಳಿಯನ್ನು ನಿಯಂತ್ರಿಸುವ ಥ್ರಾಟಲ್ ಬಾಡಿಯನ್ನು ಈವರೆಗೆ ಒಮ್ಮೆಯಾದರೂ ಸ್ವಚ್ಛಗೊಳಿಸಿದ್ದೀರಾ? ಈಗಿನ ಎಂಜಿನ್‌ಗಳಲ್ಲಿ ಐಡಲ್‌ಗೆಂದು ಪ್ರತ್ಯೇಕ ಸ್ಕ್ರೂ ಇರುವುದಿಲ್ಲ. ಥ್ರಾಟಲ್ ತಟ್ಟೆ ಕೂದಲೆಳೆಯಷ್ಟು ತೆರೆದುಕೊಂಡು, ಅದರ ಅಂಚಿನ ಸಂದಿಯಲ್ಲಿ ನುಸುಳುವ ಗಾಳಿಯ ಮೇಲೆಯೇ ಐಡಲ್ ನಿಂತಿರುತ್ತದೆ. ಆ ಅಂಚಿನ ಸುತ್ತ ಎಣ್ಣೆಯ ಆವಿಯಿಂದ ಕಪ್ಪು ಜಿಡ್ಡಿನ ಬಳೆ ಕಟ್ಟಿಕೊಂಡರೆ ಗಾಳಿಯ ದಾರಿ ಕಿರಿದಾಗುತ್ತದೆ. 94,000 ಕಿಲೋಮೀಟರಿಗೆ ಅದು ಕಟ್ಟಿಕೊಳ್ಳದೆ ಇರುವುದು ಅಪರೂಪ.

ಸ್ವಚ್ಛಗೊಳಿಸುವಾಗ ಎರಡು ಎಚ್ಚರಿಕೆಗಳನ್ನು ಪಾಲಿಸಿ. ಇಗ್ನಿಷನ್ ಆನ್ ಇರುವಾಗ ತಟ್ಟೆಯನ್ನು ಬೆರಳಿನಿಂದ ಮುಟ್ಟಬೇಡಿ, ಮೋಟರ್ ಅದನ್ನು ಇದ್ದಕ್ಕಿದ್ದಂತೆ ಮುಚ್ಚಿದರೆ ಬೆರಳಿಗೂ ಒಳಗಿನ ಪ್ಲಾಸ್ಟಿಕ್ ಗೇರಿಗೂ ಪೆಟ್ಟಾಗುತ್ತದೆ. ಕ್ಲೀನರನ್ನು ನೇರವಾಗಿ ಒಳಕ್ಕೆ ಹೊಡೆಯುವ ಬದಲು ಬಟ್ಟೆಗೆ ಹೊಡೆದುಕೊಂಡು ಒರೆಸಿ.

ಉತ್ತರ 2

ಥ್ರಾಟಲ್ ಬಾಡಿಯ ಜಿಡ್ಡಿನ ವಿಷಯ ನಿಜವೇ. ಆದರೂ ಈ ಕಾರಿನ ಮಟ್ಟಿಗೆ ಅದನ್ನು ಮೊದಲ ಹೆಜ್ಜೆಯಾಗಿ ಮಾಡಬೇಡಿ ಎಂಬುದು ನನ್ನ ವಿನಂತಿ. ಜಿಡ್ಡು ಕಟ್ಟಿದ ತಟ್ಟೆ ಗಾಳಿಯನ್ನು ಕಡಿಮೆ ಮಾಡುತ್ತದೆಯೇ ಹೊರತು ಮಿಶ್ರಣವನ್ನು ಕೆಡಿಸುವುದಿಲ್ಲ, ಏಕೆಂದರೆ ಬಂದಷ್ಟು ಗಾಳಿ ಅದನ್ನು ಅಳೆಯುವ ಏರ್ ಫ್ಲೋ ಸೆನ್ಸರಿನ ಲೆಕ್ಕಕ್ಕೆ ಸಿಕ್ಕೇ ಒಳಗೆ ಹೋಗಿರುತ್ತದೆ. ನಿಮ್ಮಲ್ಲಿ ಬಂದಿರುವ ಪಿ0171 ಹೇಳುವುದು ಬೇರೆಯದನ್ನೇ: ಮಿಶ್ರಣ ಲೀನ್ ಆಗಿದೆ, ಅಂದರೆ ಗಾಳಿ ಹೆಚ್ಚು ಅಥವಾ ಪೆಟ್ರೋಲು ಕಡಿಮೆ. ಮಿಸ್ ಹೊಡೆಯುವುದನ್ನು ಹೇಳುವ ಪಿ0300 ಅದರ ಜೊತೆಯಲ್ಲಿ ಬಂದಾಗ ಲೀನ್ ಎಂಬುದು ಕಾರಣ, ಮಿಸ್ ಅದರ ಪರಿಣಾಮ ಎಂದು ಇಟ್ಟುಕೊಂಡು ಹೊರಡುವುದು ಒಳ್ಳೆಯದು. ಗ್ಯಾರೇಜಿನವರು ಪರಿಣಾಮದ ಬೆನ್ನು ಹತ್ತಿ ಕಾಯಿಲ್ ಬದಲಿಸಿದ್ದಾರೆ. ಹಳೆಯ ಕಾಯಿಲನ್ನು ಎರಡನೆಯ ಅಥವಾ ನಾಲ್ಕನೆಯ ಸಿಲಿಂಡರಿಗೆ ಹಾಕಿ, ಕೋಡ್ ಅಳಿಸಿ, ಮಿಸ್ ಅದರ ಹಿಂದೆಯೇ ಹೋಗುತ್ತದೆಯೇ ಎಂದು ನೋಡಿದ್ದರೆ ಹೊಸ ಕಾಯಿಲಿನ ಅಗತ್ಯವಿಲ್ಲವೆಂದು ಅಂದೇ ಗೊತ್ತಾಗುತ್ತಿತ್ತು.

ಸಣ್ಣ ಸ್ಕ್ಯಾನರ್ ಇದೆ ಎಂದಿರಿ. ಅದರಲ್ಲಿ ಲೈವ್ ಡೇಟಾ (ಎಂಜಿನ್ ಓಡುತ್ತಿರುವಾಗಿನ ಅಂಕೆಗಳು) ಬಂದರೆ ಸಾಕು, ಅರ್ಧ ಕೆಲಸ ಆದಂತೆ. ಇದಕ್ಕೆ ಸ್ವಲ್ಪ ಹಿನ್ನೆಲೆ ಬೇಕು. ಪೆಟ್ರೋಲು ಪೂರ್ತಿಯಾಗಿ ಉರಿಯಲು ತೂಕದ ಲೆಕ್ಕದಲ್ಲಿ ಒಂದು ಪಾಲು ಪೆಟ್ರೋಲಿಗೆ ಸುಮಾರು 14.7 ಪಾಲು ಗಾಳಿ ಬೇಕು. ಎಂಜಿನ್ನಿನ ಕಂಪ್ಯೂಟರಾದ ಇಸಿಯು ಏರ್ ಫ್ಲೋ ಸೆನ್ಸರನ್ನು ಓದಿ ಪೆಟ್ರೋಲಿನ ಅಳತೆಯನ್ನು ಅಂದಾಜು ಮಾಡುತ್ತದೆ. ಎಕ್ಸಾಸ್ಟ್‌ನಲ್ಲಿರುವ ಆಕ್ಸಿಜನ್ ಸೆನ್ಸರ್ ಆ ಅಂದಾಜು ಸರಿಯೇ ತಪ್ಪೇ ಎಂದು ಹೇಳುತ್ತದೆ. ತಪ್ಪಿದ್ದಷ್ಟನ್ನು ಇಸಿಯು ಶೇಕಡಾವಾರು ತಿದ್ದಿಕೊಳ್ಳುತ್ತದೆ. ಈ ತಿದ್ದುಪಡಿಯೇ ಫ್ಯೂಯಲ್ ಟ್ರಿಮ್. ಶಾರ್ಟ್ ಟರ್ಮ್ ಎನ್ನುವುದು ಕ್ಷಣಕ್ಷಣಕ್ಕೆ ಬದಲಾಗುವಂಥದ್ದು, ಲಾಂಗ್ ಟರ್ಮ್ ಎನ್ನುವುದು ನಿಧಾನವಾಗಿ ಕಲಿತು ನೆನಪಿನಲ್ಲಿಟ್ಟುಕೊಂಡದ್ದು. ಎರಡನ್ನೂ ಕೂಡಿಸಿದಾಗ ಸೊನ್ನೆಯ ಆಚೀಚೆ ಶೇಕಡ 10ರೊಳಗೆ ಇದ್ದರೆ ಚಿಂತಿಸಬೇಕಾಗಿಲ್ಲ. ಪ್ಲಸ್ ಎಂದರೆ ಇಸಿಯು ಪೆಟ್ರೋಲನ್ನು ಹೆಚ್ಚಾಗಿ ಸುರಿಯುತ್ತಿದೆ ಎಂದರ್ಥ.

ಎಂಜಿನ್ ಪೂರ್ತಿ ಬಿಸಿಯಾದ ಮೇಲೆ, ಎಸಿ ಬಂದ್ ಮಾಡಿ, ಗೇರ್ ಪಾರ್ಕ್‌ನಲ್ಲಿಟ್ಟು, ಐಡಲ್‌ನಲ್ಲಿ ಎರಡು ನಿಮಿಷ ಬಿಟ್ಟು ಎರಡೂ ಟ್ರಿಮ್‌ಗಳನ್ನು ಬರೆದುಕೊಳ್ಳಿ. ಅನಂತರ 2,500 ಆರ್‌ಪಿಎಂನಲ್ಲಿ ಒಂದು ನಿಮಿಷ ಸ್ಥಿರವಾಗಿ ಹಿಡಿದು ಮತ್ತೆ ಬರೆದುಕೊಳ್ಳಿ. ಜೊತೆಗೆ ಏರ್ ಫ್ಲೋ ಸೆನ್ಸರ್ ಎರಡೂ ಕಡೆ ಸೆಕೆಂಡಿಗೆ ಎಷ್ಟು ಗ್ರಾಂ ತೋರಿಸುತ್ತದೆ ಎಂಬುದೂ ಬೇಕು. ಐಡಲ್‌ನಲ್ಲಿ ಟ್ರಿಮ್ ಹೆಚ್ಚಿದ್ದು 2,500ಕ್ಕೆ ಇಳಿದರೆ, ಸೆನ್ಸರಿನ ಕಣ್ಣು ತಪ್ಪಿಸಿ ಎಲ್ಲಿಂದಲೋ ಗಾಳಿ ಒಳಸೇರುತ್ತಿದೆ. ಐಡಲ್‌ನಲ್ಲಿ ಸರಿಯಿದ್ದು ವೇಗ, ಹೊರೆ ಹೆಚ್ಚಿದಂತೆ ಏರಿದರೆ ಪೆಟ್ರೋಲಿನ ಪಂಪು, ಫಿಲ್ಟರ್ ಅಥವಾ ಕೊಳೆಯಾದ ಏರ್ ಫ್ಲೋ ಸೆನ್ಸರಿನ ಕಡೆ ನೋಡಬೇಕು. ಎರಡೂ ಕಡೆ ಸೊನ್ನೆಯ ಹತ್ತಿರವೇ ಇದ್ದರೆ ಮಿಶ್ರಣವನ್ನು ಬಿಟ್ಟು ಕಿಡಿ, ಕಂಪ್ರೆಷನ್, ವಾಲ್ವ್ ಟೈಮಿಂಗ್ ಕಡೆ ಹೊರಳಬೇಕು. ಈ ಅಂಕೆಗಳು ಬರುವ ತನಕ ಯಾವುದನ್ನೂ ಬಿಚ್ಚಬೇಡಿ, ಕೋಡ್‌ಗಳನ್ನು ಅಳಿಸಲೂ ಬೇಡಿ. ಅಳಿಸಿದರೆ ಕೋಡ್ ಬಂದ ಹೊತ್ತಿನ ಫ್ರೀಜ್ ಫ್ರೇಮ್ ದಾಖಲೆಯೂ ಹೋಗುತ್ತದೆ.

ಉತ್ತರ 3

ಮೇಲಿನ ಕ್ರಮವನ್ನೇ ಅನುಸರಿಸಿ. ನಾನು ಎರಡು ಮಾತುಗಳನ್ನಷ್ಟೇ ಸೇರಿಸುತ್ತೇನೆ.

ಚೆಕ್ ಎಂಜಿನ್ ದೀಪ ಸುಮ್ಮನೆ ಹೊತ್ತಿಕೊಂಡಿದ್ದರೆ ನಿಧಾನವಾಗಿ ಓಡಿಸಬಹುದು. ಅದು ಮಿನುಗಲು ಆರಂಭಿಸಿದರೆ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿಬಿಡಿ. ಸಿಲಿಂಡರಿನಲ್ಲಿ ಉರಿಯದೆ ಉಳಿದ ಪೆಟ್ರೋಲು ಎಕ್ಸಾಸ್ಟ್‌ನ ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರಿನೊಳಗೆ ಉರಿದು ಅದನ್ನು ಕರಗಿಸುವಷ್ಟು ಬಿಸಿ ಮಾಡುತ್ತದೆ, ಆಗ ಸಣ್ಣ ದೋಷ ಬಹಳ ದುಬಾರಿಯಾಗುತ್ತದೆ.

ಇನ್ನು ಡ್ರೈವ್‌ನಲ್ಲಿ ನಡುಕ ಹೆಚ್ಚು, ನ್ಯೂಟ್ರಲ್‌ನಲ್ಲಿ ಕಡಿಮೆ ಎಂದಿದ್ದೀರಿ. ಎಂಜಿನ್ ಮೌಂಟಿಂಗ್ ಹೋದಾಗಲೂ ಹೀಗೆಯೇ ಆಗುತ್ತದೆ. ಆದರೆ ಆಗ ಆರ್‌ಪಿಎಂ ಮುಳ್ಳು ಅಲುಗದೆ ನಿಂತಿರುತ್ತದೆ, ಅದುರುವುದು ಕಾರಿನ ಮೈ ಮಾತ್ರ. ನಿಮ್ಮಲ್ಲಿ ಮುಳ್ಳೇ ಕುಸಿಯುತ್ತಿರುವುದರಿಂದ ಮೌಂಟಿಂಗ್ ಒಂದೇ ಕಾರಣವಾಗಿರಲು ಸಾಧ್ಯವಿಲ್ಲ.

ಪ್ರಶ್ನೆ ಕೇಳಿದವರು

ತಮ್ಮೆಲ್ಲರ ಉತ್ತರಗಳಿಗೆ ಧನ್ಯವಾದಗಳು. ಇಂದು ಬೆಳಿಗ್ಗೆ ಅರ್ಧ ಗಂಟೆ ಓಡಿಸಿ ಬಂದು ಅಂಕೆಗಳನ್ನು ತೆಗೆದುಕೊಂಡೆ. ಐಡಲ್‌ನಲ್ಲಿ ಲಾಂಗ್ ಟರ್ಮ್ ಪ್ಲಸ್ 17, ಶಾರ್ಟ್ ಟರ್ಮ್ ಪ್ಲಸ್ 1ರಿಂದ 4ರ ನಡುವೆ ಓಲಾಡುತ್ತಿದೆ. ಏರ್ ಫ್ಲೋ ಸೆಕೆಂಡಿಗೆ 2.0 ಗ್ರಾಂ. 2,500 ಆರ್‌ಪಿಎಂನಲ್ಲಿ ಎರಡೂ ಸೇರಿ ಪ್ಲಸ್ 5 ಅಥವಾ 6, ಏರ್ ಫ್ಲೋ 7 ಗ್ರಾಂ. ಫ್ರೀಜ್ ಫ್ರೇಮಿನಲ್ಲಿ ಕೂಲಂಟ್ ಉಷ್ಣಾಂಶ 91 ಡಿಗ್ರಿ, ವೇಗ ಸೊನ್ನೆ ಎಂದಿದೆ. ಸ್ಕ್ಯಾನರಿನಲ್ಲಿ ಸಿಲಿಂಡರುವಾರು ಮಿಸ್‌ಗಳ ಎಣಿಕೆಯೂ ಸಿಕ್ಕಿತು. ಮೊದಲನೆಯದರಲ್ಲಿ ಅತಿ ಹೆಚ್ಚು, ಎರಡನೆಯದರಲ್ಲಿ ಕೆಲವು, ಮೂರು ಮತ್ತು ನಾಲ್ಕರಲ್ಲಿ ಒಂದೂ ಇಲ್ಲ.

ನನಗೆ ಅರ್ಥವಾಗದ ಒಂದು ವಿಷಯವಿದೆ. ಇಸಿಯು ಶೇಕಡ 20ರಷ್ಟು ಹೆಚ್ಚು ಪೆಟ್ರೋಲು ಕೊಟ್ಟು ಮಿಶ್ರಣವನ್ನು ಸರಿಪಡಿಸಿಕೊಂಡಿದೆಯೆಂದರೆ, ಮತ್ತೆ ಎಂಜಿನ್ ನಡುಗುವುದೇಕೆ? ತಣ್ಣಗಿರುವಾಗ ಏಕೆ ನಡುಗುವುದಿಲ್ಲ?

ಉತ್ತರ 2

ಅಂಕೆಗಳು ಬಹಳ ಸ್ಪಷ್ಟವಾಗಿವೆ. ಒಂದು ಸಣ್ಣ ಲೆಕ್ಕ ನೋಡೋಣ. ಸೆನ್ಸರ್ 2.0 ಗ್ರಾಂ ಕಂಡಿದೆ, ಆದರೆ ಪೆಟ್ರೋಲು ಶೇಕಡ 20ರಷ್ಟು ಹೆಚ್ಚು ಬೇಕಾಗಿದೆ. ಅಂದರೆ ಒಳಗೆ ಹೋಗುತ್ತಿರುವುದು ಸುಮಾರು 2.4 ಗ್ರಾಂ, ಕಳ್ಳದಾರಿಯಿಂದ ಬರುತ್ತಿರುವುದು 0.4 ಗ್ರಾಂ. ಹೊರೆಯಿಲ್ಲದೆ 2,500 ಆರ್‌ಪಿಎಂನಲ್ಲಿ ಹಿಡಿದಾಗಲೂ ಥ್ರಾಟಲ್ ಬಹುಪಾಲು ಮುಚ್ಚಿಯೇ ಇರುತ್ತದೆ, ಗಾಳಿಯನ್ನು ಸಿಲಿಂಡರುಗಳಿಗೆ ಹಂಚುವ ಮ್ಯಾನಿಫೋಲ್ಡ್‌ನ ವ್ಯಾಕ್ಯೂಮ್ ಹೆಚ್ಚೇನೂ ಬದಲಾಗುವುದಿಲ್ಲ, ಆದ್ದರಿಂದ ಸೋರಿಕೆ ಅದೇ 0.4ರ ಆಸುಪಾಸಿನಲ್ಲಿರುತ್ತದೆ. 7 ಗ್ರಾಮಿಗೆ 0.4 ಎಂದರೆ ಶೇಕಡ 6ಕ್ಕಿಂತ ತುಸು ಕಡಿಮೆ. ನೀವು ಬರೆದುಕೊಂಡದ್ದೂ ಅದೇ. ಎರಡು ವೇಗಗಳ ಅಂಕೆಗಳು ಒಂದೇ ಗಾತ್ರದ ರಂಧ್ರವನ್ನು ತೋರಿಸುತ್ತಿರುವಾಗ ಇಂಜೆಕ್ಟರಿನ ಮೇಲೆ ಅನುಮಾನಪಡಲು ಕಾರಣವೇ ಇಲ್ಲ. ಇಂಜೆಕ್ಟರುಗಳನ್ನು ಖಂಡಿತ ಬದಲಿಸಬೇಡಿ.

ನಿಮ್ಮ ಪ್ರಶ್ನೆಗೆ ಉತ್ತರ ಮಿಸ್‌ಗಳ ಎಣಿಕೆಯಲ್ಲೇ ಇದೆ. ನಾಲ್ಕೂ ಸಿಲಿಂಡರಿನ ಹೊಗೆ ಒಟ್ಟಾಗಿ ಹಾದುಹೋಗುವ ಜಾಗದಲ್ಲಿ ಆಕ್ಸಿಜನ್ ಸೆನ್ಸರ್ ಕುಳಿತಿದೆ, ಹಾಗಾಗಿ ಅದು ಕಾಣುವುದು ಸರಾಸರಿಯನ್ನು. ಸೋರಿಕೆಯ ಗಾಳಿ ಮೊದಲನೆಯ ಸಿಲಿಂಡರಿನ ದಾರಿಯ ಹತ್ತಿರ ಒಳಸೇರುತ್ತಿದ್ದರೆ ಆ ಸಿಲಿಂಡರಿಗೆ ಗಾಳಿ ವಿಪರೀತವಾಗುತ್ತದೆ. ಇಸಿಯು ನಾಲ್ಕಕ್ಕೂ ಸಮನಾಗಿ ಪೆಟ್ರೋಲು ಹೆಚ್ಚಿಸಿ ಸರಾಸರಿಯನ್ನು ಸರಿದೂಗಿಸುತ್ತದೆ. ಮೊದಲನೆಯದು ಲೀನ್ ಆಗಿಯೇ ಉಳಿದು ಮಿಸ್ ಹೊಡೆಯುತ್ತದೆ, ಮೂರು ಮತ್ತು ನಾಲ್ಕು ಅಗತ್ಯಕ್ಕಿಂತ ಹೆಚ್ಚು ಕುಡಿಯುತ್ತವೆ. ತಣ್ಣನೆಯ ಎಂಜಿನ್‌ಗೆ ಇಸಿಯು ಮೊದಲೇ ಧಾರಾಳವಾಗಿ ಪೆಟ್ರೋಲು ಕೊಡುವುದರಿಂದ ಕೊರತೆ ಮುಚ್ಚಿಹೋಗುತ್ತದೆ, ಆಗ ಐಡಲ್ ವೇಗವೂ ಹೆಚ್ಚಿರುತ್ತದೆ. ಮೇಲಾಗಿ ಹಳೆಯ ರಬ್ಬರು ಬಿಸಿಯಾದಾಗ ಮೆತ್ತಗಾಗಿ ಬಿರುಕು ಬಾಯಿ ಬಿಡುವುದುಂಟು.

ಇನ್ನು ಹುಡುಕಾಟ ಮೊದಲನೆಯ ಸಿಲಿಂಡರಿನ ಹತ್ತಿರ ಮ್ಯಾನಿಫೋಲ್ಡ್‌ಗೆ ಸೇರುವ ಹೋಸ್‌ಗಳಿಂದ ಆರಂಭವಾಗಲಿ. ಎಂಜಿನ್ನಿನೊಳಗಿನ ಎಣ್ಣೆಯ ಆವಿಯನ್ನು ತರುವ ಪಿಸಿವಿ ಹೋಸ್, ಬ್ರೇಕ್ ಬೂಸ್ಟರಿನ ಹೋಸ್, ಪೆಟ್ರೋಲ್ ಟ್ಯಾಂಕಿನ ಆವಿಯನ್ನು ತರುವ ಪರ್ಜ್ ವಾಲ್ವಿನ ಹೋಸ್, ಕೊನೆಗೆ ಮ್ಯಾನಿಫೋಲ್ಡ್‌ನ ಗ್ಯಾಸ್ಕೆಟ್. ಉರಿಯುವ ಸ್ಪ್ರೇಯನ್ನು ಬಿಸಿ ಎಂಜಿನ್ ಮೇಲೆ ಹೊಡೆದು ಸೋರಿಕೆ ಹುಡುಕುವ ಪದ್ಧತಿ ಬೆಂಕಿಗೆ ಆಹ್ವಾನ ಕೊಟ್ಟಂತೆ, ಅದನ್ನು ಮಾಡಬೇಡಿ. ಸ್ಕ್ಯಾನರಿನಲ್ಲಿ ಶಾರ್ಟ್ ಟರ್ಮ್ ಟ್ರಿಮ್ ತೆರೆದಿಟ್ಟುಕೊಂಡು, ಇಕ್ಕಳದ ಬಾಯಿಗೆ ದಪ್ಪ ಬಟ್ಟೆ ಸುತ್ತಿ, ಒಂದೊಂದು ರಬ್ಬರ್ ಹೋಸನ್ನೂ ಮ್ಯಾನಿಫೋಲ್ಡ್‌ನ ತುದಿಯಲ್ಲೇ ಮೃದುವಾಗಿ ಅದುಮಿ. ಸೋರುವ ಹೋಸನ್ನು ಅದುಮಿದ ಕೂಡಲೇ ಕಳ್ಳದಾರಿ ಮುಚ್ಚುತ್ತದೆ. ಅದುವರೆಗೆ ಹೆಚ್ಚಿಗೆ ಸುರಿಯುತ್ತಿದ್ದ ಪೆಟ್ರೋಲು ಬೇಡವಾಗಿ ಶಾರ್ಟ್ ಟರ್ಮ್ ಮೈನಸ್‌ಗೆ ಬೀಳುತ್ತದೆ. ಗಟ್ಟಿ ಪ್ಲಾಸ್ಟಿಕ್ ಕೊಳವೆಗಳನ್ನು ಅದುಮಬೇಡಿ, ಒಡೆಯುತ್ತವೆ. ಫ್ಯಾನ್, ಬೆಲ್ಟುಗಳ ಹತ್ತಿರ ಕೈ, ತೋಳಿನ ಬಟ್ಟೆ ಹೋಗದಂತೆ ನೋಡಿಕೊಳ್ಳಿ. ಇದರಿಂದ ಸಿಗದಿದ್ದರೆ ಸ್ಮೋಕ್ ಟೆಸ್ಟ್ ಮಾಡುವ ಗ್ಯಾರೇಜಿಗೆ ಹೋಗಿ. ಕಡಿಮೆ ಒತ್ತಡದಲ್ಲಿ ಮ್ಯಾನಿಫೋಲ್ಡ್‌ಗೆ ಹೊಗೆ ತುಂಬಿಸಿದರೆ ಅದು ಬಿರುಕಿನಿಂದ ಎಳೆಯಾಗಿ ಹೊರಬಂದು ಜಾಗವನ್ನು ತಾನೇ ತೋರಿಸುತ್ತದೆ.

ಇದನ್ನು ಓದುವ ಇತರರ ಗಮನಕ್ಕೆ: ಏರ್ ಫ್ಲೋ ಸೆನ್ಸರ್ ಇಲ್ಲದೆ ಮ್ಯಾನಿಫೋಲ್ಡ್‌ನ ಒತ್ತಡವನ್ನೇ ಅಳೆದು ಪೆಟ್ರೋಲು ಕೊಡುವ ಎಂಜಿನ್‌ಗಳಲ್ಲಿ ಈ ಲೆಕ್ಕ ಹೀಗೆಯೇ ಬರುವುದಿಲ್ಲ. ಅಲ್ಲಿ ಸೋರಿಕೆಯ ಗಾಳಿಯೂ ಒತ್ತಡದ ಅಳತೆಗೆ ಸೇರಿಬಿಡುವುದರಿಂದ ಟ್ರಿಮ್ ಅಷ್ಟಾಗಿ ಏರದೆ, ಐಡಲ್ ವೇಗವೇ ಹೆಚ್ಚಾಗುವ ಸಾಧ್ಯತೆ ಹೆಚ್ಚು.

ಪ್ರಶ್ನೆ ಕೇಳಿದವರು

ದೋಷ ಸಿಕ್ಕಿತು.

ಬ್ರೇಕ್ ಬೂಸ್ಟರಿನ ಹೋಸ್ ಅದುಮಿದಾಗ ಅಂಕೆ ಅಲುಗಲಿಲ್ಲ. ಪರ್ಜ್ ವಾಲ್ವಿನದನ್ನು ಅದುಮಿದಾಗಲೂ ಇಲ್ಲ. ಪಿಸಿವಿ ಹೋಸ್ ವಾಲ್ವ್ ಕವರಿನಿಂದ ಹೊರಟು ಮ್ಯಾನಿಫೋಲ್ಡ್‌ನ ಕೆಳಬದಿಗೆ ಮೊಳಕೈಯಂತೆ ಬಾಗಿ ಸೇರುತ್ತದೆ. ಮೇಲಿನಿಂದ ನೋಡಿದರೆ ಹೊಸದರಂತೆಯೇ ಕಾಣುತ್ತಿತ್ತು. ಬಾಗಿನ ಕೆಳಗೆ ಮ್ಯಾನಿಫೋಲ್ಡ್‌ಗೆ ಅಂಟಿದಂತೆ ಇಕ್ಕಳವನ್ನು ಹಾಕಿ ಅದುಮಿದ ಕೂಡಲೇ ಶಾರ್ಟ್ ಟರ್ಮ್ ಪ್ಲಸ್ 3ರಿಂದ ಮೈನಸ್ 9ಕ್ಕೆ, ಮರುಕ್ಷಣವೇ ಮೈನಸ್ 14ಕ್ಕೆ ಇಳಿಯಿತು. ಎಂಜಿನ್ನಿನ ಸದ್ದು ಒಮ್ಮೆಲೇ ಸಮವಾಯಿತು. ಕೈ ಬಿಟ್ಟರೆ ಮತ್ತೆ ನಡುಕ. ಮೂರು ಸಲ ಹೀಗೆ ಮಾಡಿ ನೋಡಿ, ಎಂಜಿನ್ ಆರಿಸಿ, ತಣ್ಣಗಾಗಲು ಬಿಟ್ಟು ಹೋಸನ್ನು ಬಿಚ್ಚಿದೆ. ಬಾಗಿನ ಒಳಮೈಯಲ್ಲಿ ಉಗುರಿನಷ್ಟು ಉದ್ದದ ಬಿರುಕು; ತಣ್ಣಗಿರುವಾಗ ತುಟಿ ಕೂಡಿಸಿದಂತೆ ಮುಚ್ಚಿಕೊಂಡಿತ್ತು, ಹೋಸನ್ನು ಸ್ವಲ್ಪ ಬಾಗಿಸಿದರೆ ತೆರೆದುಕೊಳ್ಳುತ್ತಿತ್ತು. ಬಿರುಕಿನ ಸುತ್ತ ರಬ್ಬರು ಎಣ್ಣೆ ಕುಡಿದು ಉಬ್ಬಿ, ಬೆರಳಿಗೆ ಮೇಣದಂತೆ ಅಂಟುತ್ತಿತ್ತು. ಅದು ಮ್ಯಾನಿಫೋಲ್ಡ್‌ಗೆ ಸೇರುವ ಜಾಗ ಮೊದಲನೆಯ ಸಿಲಿಂಡರಿನ ದಾರಿಯ ಬುಡದಲ್ಲೇ ಇದೆ.

ಹೊಸ ಹೋಸನ್ನೂ ಅದರ ಜೊತೆಗೆ ಹೊಸ ಪಿಸಿವಿ ವಾಲ್ವನ್ನೂ ಹಾಕಿದ್ದೇನೆ. ಹಳೆಯ ವಾಲ್ವನ್ನು ಕಿವಿಯ ಹತ್ತಿರ ಅಲುಗಿಸಿದರೆ ಒಳಗಿನ ತುಂಡು ಟಿಕ್ ಟಿಕ್ ಎನ್ನುತ್ತಿತ್ತು, ಅಂದರೆ ಅದು ಕೆಟ್ಟಿರಲಿಲ್ಲವೇನೋ. ಅಷ್ಟು ಬಿಚ್ಚಿದ ಮೇಲೆ ಹಳೆಯದನ್ನೇ ಹಾಕಲು ಮನಸ್ಸಾಗಲಿಲ್ಲ. ನಡುಕ ಪೂರ್ತಿ ಹೋಗಿದೆ. ಆದರೆ ಈಗ ಐಡಲ್ 750ರ ಬದಲು 820ರ ಹತ್ತಿರ ನಿಲ್ಲುತ್ತಿದೆ, ಎಕ್ಸಾಸ್ಟ್‌ನಲ್ಲಿ ಪೆಟ್ರೋಲಿನ ವಾಸನೆಯೂ ಸ್ವಲ್ಪ ಇದೆ. ಇದು ಇನ್ನೊಂದು ದೋಷವೇ?

ಉತ್ತರ 2

ದೋಷವಲ್ಲ, ಹಳೆಯ ನೆನಪು. ಲಾಂಗ್ ಟರ್ಮ್‌ನಲ್ಲಿ ಪ್ಲಸ್ 17 ಇನ್ನೂ ಕುಳಿತಿದೆ. ಸೋರಿಕೆ ನಿಂತ ಮೇಲೂ ಇಸಿಯು ಅದನ್ನೇ ಆಧಾರವಾಗಿಟ್ಟುಕೊಂಡು ಹೊರಡುತ್ತಿದೆ. ಥ್ರಾಟಲ್ ತಟ್ಟೆ ಎಷ್ಟು ತೆರೆಯಬೇಕು ಎಂಬುದರ ಕಲಿಕೆಯೂ ಹಳೆಯದೇ. ಈಗ ಕೋಡ್‌ಗಳನ್ನು ಅಳಿಸಬಹುದು, ಬಹಳಷ್ಟು ಕಾರುಗಳಲ್ಲಿ ಅದರೊಂದಿಗೆ ಟ್ರಿಮ್‌ಗಳೂ ಸೊನ್ನೆಗೆ ಬರುತ್ತವೆ. ಅನಂತರ ನಿಮ್ಮ ಕಾರಿನ ಸರ್ವಿಸ್ ಕೈಪಿಡಿಯಲ್ಲಿ ಹೇಳಿರುವಂತೆ ಐಡಲ್ ರೀಲರ್ನ್ ಮಾಡಿ, ಅಂದರೆ ಇಸಿಯುಗೆ ಐಡಲ್ ಅನ್ನು ಹೊಸದಾಗಿ ಕಲಿಸಿ. ಈ ಕ್ರಮ ಕಾರಿನಿಂದ ಕಾರಿಗೆ ಬೇರೆಯಾಗಿರುವುದರಿಂದ ಬೇರೊಂದು ಕಾರಿನದನ್ನು ನೋಡಿ ಮಾಡಬೇಡಿ. ಮೊದಲ ಉತ್ತರದಲ್ಲಿ ಹೇಳಿದಂತೆ ಥ್ರಾಟಲ್ ಬಾಡಿಯನ್ನು ಒರೆಸಬೇಕೆಂದಿದ್ದರೆ ರೀಲರ್ನ್‌ಗೆ ಮೊದಲೇ ಒರೆಸಿಬಿಡಿ, ಎರಡು ಸಲ ಮಾಡುವ ಶ್ರಮ ತಪ್ಪುತ್ತದೆ.

ಉತ್ತರ 4

ಈ ಚರ್ಚೆಯನ್ನು ಓದಿ ನನ್ನ ಅನುಭವವನ್ನೂ ಬರೆಯಬೇಕೆನ್ನಿಸಿತು, ಏಕೆಂದರೆ ಐಡಲ್‌ನ ನಡುಕ ಒಂದೇ ರೀತಿ ಕಂಡರೂ ಕಾರಣ ಬೇರೆಯಾಗಿತ್ತು. ನನ್ನ ಕಾರಿನಲ್ಲಿ ಪೆಟ್ರೋಲು ನೇರವಾಗಿ ಸಿಲಿಂಡರಿನೊಳಕ್ಕೆ ಬೀಳುತ್ತದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಮೊದಲ ಎರಡು ನಿಮಿಷ ಮಾತ್ರ ಎಂಜಿನ್ ಮಿಸ್ ಹೊಡೆಯುತ್ತಿತ್ತು, ಬಿಸಿಯಾದ ಮೇಲೆ ಸರಿಯಾಗುತ್ತಿತ್ತು, ಟ್ರಿಮ್‌ಗಳು ಎಲ್ಲ ವೇಗದಲ್ಲೂ ಸೊನ್ನೆಯ ಹತ್ತಿರವೇ ಇದ್ದವು. ಪೋರ್ಟ್ ಇಂಜೆಕ್ಷನ್‌ನಲ್ಲಿ ಇಂಟೇಕ್ ವಾಲ್ವಿನ ಬೆನ್ನಿನ ಮೇಲೆ ಬೀಳುವ ಪೆಟ್ರೋಲು ಅದನ್ನು ತೊಳೆಯುತ್ತಿರುತ್ತದೆ. ನೇರ ಇಂಜೆಕ್ಷನ್‌ನಲ್ಲಿ ಆ ತೊಳೆತ ಇಲ್ಲ, ಪಿಸಿವಿಯಿಂದ ಬರುವ ಎಣ್ಣೆಯ ಆವಿ ವಾಲ್ವಿನ ಮೇಲೆ ಸುಟ್ಟು ಕರಿಯಾಗಿ ಗಟ್ಟಿಯಾಗುತ್ತದೆ. ಬೋರ್‌ಸ್ಕೋಪ್ (ಒಳಗೆ ಇಳಿಸುವ ಸಣ್ಣ ಕ್ಯಾಮೆರಾ) ಇಳಿಸಿ ನೋಡಿದಾಗ ವಾಲ್ವಿನ ಕಾಂಡ ಇದ್ದಿಲಿನ ಕಡ್ಡಿಯಂತೆ ದಪ್ಪಗಾಗಿತ್ತು. ಪೆಟ್ರೋಲಿಗೆ ಬೆರೆಸುವ ಕ್ಲೀನರ್ ವಾಲ್ವಿನ ಆ ಬದಿಯನ್ನು ತಲುಪುವುದೇ ಇಲ್ಲವಾದ್ದರಿಂದ ಎರಡು ಡಬ್ಬಿ ಸುರಿದರೂ ಫಲವಿರಲಿಲ್ಲ. ಮ್ಯಾನಿಫೋಲ್ಡ್ ಬಿಚ್ಚಿ, ಆಕ್ರೋಟದ ಸಿಪ್ಪೆಯ ಪುಡಿಯನ್ನು ಗಾಳಿಯ ಒತ್ತಡದಲ್ಲಿ ಹೊಡೆದು ಸ್ವಚ್ಛಗೊಳಿಸಿದ ಮೇಲೆಯೇ ಮಿಸ್ ನಿಂತಿತು.

ನಮ್ಮ ಮನೆಯ ಇನ್ನೊಂದು ಕಾರಿಗೆ ಈಗ ಬೇರೆಯದೇ ತೊಂದರೆ ಬಂದಿದೆ. ಪೆಟ್ರೋಲು ತುಂಬಿಸಿ ಬಂಕಿನಿಂದ ಹೊರಡುವಾಗ ಮಾತ್ರ ಸ್ಟಾರ್ಟ್ ಆಗಲು ತಡವಾಗುತ್ತದೆ, ಒಂದು ನಿಮಿಷ ನಡುಗಿ ಸರಿಹೋಗುತ್ತದೆ. ಅದನ್ನೂ ಟ್ರಿಮ್ ನೋಡಿಯೇ ಹಿಡಿಯಬಹುದೇ?

ಉತ್ತರ 2

ಪೆಟ್ರೋಲು ತುಂಬಿಸಿದ ಮೇಲೆ ಮಾತ್ರ ಎಂದರೆ ಮೊದಲು ಪರ್ಜ್ ವಾಲ್ವನ್ನೇ ನೋಡಿ. ಟ್ಯಾಂಕ್ ತುಂಬುವಾಗ ಆವಿ ಇದ್ದಿಲಿನ ಕ್ಯಾನಿಸ್ಟರಿನಲ್ಲಿ ಸೇರಿಕೊಳ್ಳುತ್ತದೆ. ಎಂಜಿನ್ ಓಡುವಾಗ ಇಸಿಯು ಪರ್ಜ್ ವಾಲ್ವನ್ನು ಅಳತೆಯಾಗಿ ತೆರೆದು ಅದನ್ನು ಎಂಜಿನ್‌ಗೆ ಕುಡಿಸಬೇಕು. ವಾಲ್ವ್ ತೆರೆದೇ ಸಿಕ್ಕಿಕೊಂಡಿದ್ದರೆ ಸ್ಟಾರ್ಟ್ ಮಾಡುವಾಗಲೇ ಆವಿ ನುಗ್ಗಿ ಮಿಶ್ರಣ ಗಾಢವಾಗುತ್ತದೆ, ಆಗ ಟ್ರಿಮ್ ಮೈನಸ್ ಕಡೆಗೆ ಹೋಗುತ್ತದೆ. ಪರೀಕ್ಷೆ ಸುಲಭ. ಎಂಜಿನ್ ಐಡಲ್‌ನಲ್ಲಿರುವಾಗ ವಾಲ್ವಿನ ವಿದ್ಯುತ್ ಕನೆಕ್ಟರನ್ನು ತೆಗೆಯಿರಿ, ಕ್ಯಾನಿಸ್ಟರ್ ಕಡೆಯ ಹೋಸನ್ನು ಬಿಡಿಸಿ, ವಾಲ್ವಿನ ಬಾಯಿಗೆ ಬೆರಳಿಡಿ. ವಿದ್ಯುತ್ ಇಲ್ಲದ ವಾಲ್ವ್ ಮುಚ್ಚಿರಬೇಕು. ಬೆರಳನ್ನು ಎಳೆದರೆ ವಾಲ್ವ್ ಕೆಟ್ಟಿದೆ. ಕನೆಕ್ಟರ್ ತೆಗೆದದ್ದಕ್ಕೆ ಒಂದು ಕೋಡ್ ಬರಬಹುದು, ಅದನ್ನು ಅಳಿಸಿದರಾಯಿತು.

ಪ್ರಶ್ನೆ ಕೇಳಿದವರು

ಥ್ರಾಟಲ್ ಬಾಡಿ ಒರೆಸಿ, ಕೋಡ್ ಅಳಿಸಿ, ಕೈಪಿಡಿಯಂತೆ ರೀಲರ್ನ್ ಮಾಡಿ ಈಗ 600 ಕಿಲೋಮೀಟರ್ ಓಡಿಸಿದ್ದೇನೆ. ಬಿಸಿ ಎಂಜಿನ್, ಎಸಿ ಬಂದ್, ಐಡಲ್‌ನಲ್ಲಿ ಲಾಂಗ್ ಟರ್ಮ್ ಪ್ಲಸ್ 2, ಶಾರ್ಟ್ ಟರ್ಮ್ ಸೊನ್ನೆಯ ಆಚೀಚೆ. ಆರ್‌ಪಿಎಂ 740ರಿಂದ 760, ಏರ್ ಫ್ಲೋ 2.4 ಗ್ರಾಂ, ಅಂದರೆ ತಾವು ಲೆಕ್ಕ ಹಾಕಿದ್ದಷ್ಟೇ. ಮಿಸ್‌ಗಳ ಎಣಿಕೆ ನಾಲ್ಕೂ ಸಿಲಿಂಡರಿನಲ್ಲಿ ಸೊನ್ನೆ. ಬಿಚ್ಚಿದ ಹಳೆಯ ಕಾಯಿಲನ್ನು ಗ್ಯಾರೇಜಿನವರು ನನಗೇ ಹಿಂದಿರುಗಿಸಿದ್ದರು. ನಿನ್ನೆ ಅದನ್ನೇ ಮೊದಲನೆಯ ಸಿಲಿಂಡರಿಗೆ ಮತ್ತೆ ಹಾಕಿ ನೂರು ಕಿಲೋಮೀಟರ್ ಓಡಿಸಿದೆ, ಒಂದು ಮಿಸ್ ಕೂಡ ದಾಖಲಾಗಲಿಲ್ಲ.